ಕರಿಬೇವಿನ ಬುಡದ ನಿಂಬೆಹಣ್ಣು

ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಸಿಕ್ಕಿದ ಮಾಟದ ನಿಂಬೆಹಣ್ಣನ್ನು ಅಲ್ಲಿ ಹೂತಿಟ್ಟವಳು ನಾನೇ. ಗುಂಡುಸೂಜಿ ಚುಚ್ಚಿದವಳು ನಾನು, ಕುಂಕುಮ ಬಳಿದವಳು ನಾನು, ಕಪ್ಪು ದಾರ ಸುತ್ತಿದವಳೂ ನಾನು. ಬಿ.ಎ. ಪಾಸು ಮಾಡಿದವಳು, ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಸ್ಟೀಲ್ ಡಬ್ಬಿ ಬಹುಮಾನ ಗೆದ್ದವಳು — ಈ ಕೆಲಸ ಮಾಡಿದೆ. ಅದರ ಅಪವಾದ ಹೊತ್ತವಳು ನನ್ನ ಓರಗಿತ್ತಿ ರತ್ನಕ್ಕ. ವರ್ಷಗಟ್ಟಲೆ ಹೊತ್ತಳು. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಯಾಕೆ ಮಾಡಿದೆ ಎಂದು ಹೇಳಬೇಕಾದರೆ ನನ್ನ ಕಾಯಿಲೆಯ ಕಥೆ ಹೇಳಬೇಕು. ಇವಳು ನೆಪ ಹುಡುಕುತ್ತಿದ್ದಾಳೆ ಎಂದುಕೊಳ್ಳಬೇಡಿ — ಅಂದುಕೊಂಡರೂ ನಿಮ್ಮದು ತಪ್ಪಲ್ಲ.

ನನ್ನ ತವರು ಮಾಲೂರು. ಕೊಟ್ಟದ್ದು ಹುತ್ತೂರಿನ ಹತ್ತಿರದ ಹಳ್ಳಿಗೆ, ರೇಷ್ಮೆ ಹುಳ ಸಾಕುವ ಮನೆಗೆ. ಅತ್ತೆ, ಬಾವ, ಬಾವನ ಹೆಂಡತಿ ರತ್ನಕ್ಕ, ನನ್ನ ಗಂಡ ಮುನಿರಾಜು, ನಾನು — ಎಲ್ಲರಿಗೂ ಒಂದೇ ಒಲೆ. ಹುಳ ಸಾಕುವ ಮನೆಯಲ್ಲಿ ಸೋಮಾರಿಗೆ ಜಾಗವಿಲ್ಲ. ಹುಳಕ್ಕೆ ಹಸಿವಾದರೆ ಹಬ್ಬವೂ ಇಲ್ಲ, ಹರಿದಿನವೂ ಇಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ರತ್ನಕ್ಕ ಆ ಕೆಲಸದಲ್ಲಿ ಎತ್ತಿನಂಥವಳು. ನಾನೂ ಮೊದಮೊದಲು ಪರವಾಗಿಲ್ಲ ಎನ್ನುವ ಹಾಗಿದ್ದೆ. ಬಿಡುವಾದಾಗ ಊರಿನವರಿಗೆ ರವಿಕೆ ಹೊಲಿದು ಕೊಡುತ್ತಿದ್ದೆ.

ಮೊದಲು ಕೆಟ್ಟದ್ದು ಬಲಗಣ್ಣು. ಒಂದು ಬೆಳಿಗ್ಗೆ ಎದ್ದರೆ ಆ ಕಣ್ಣಿಗೆ ಲೋಕವೆಲ್ಲ ಹಬೆ ಹಿಡಿದ ಕನ್ನಡಿ. ಕಣ್ಣು ಹೊರಳಿಸಿದರೆ ನೋವು. ಟೊಮೆಟೊ ಎಡಗಣ್ಣಿಗೆ ಕೆಂಪಗೆ ಕಾಣುತ್ತಿತ್ತು, ಬಲಗಣ್ಣಿಗೆ ಒಗೆದು ಒಗೆದು ಬಣ್ಣ ಹೋದ ರವಿಕೆಯ ಹಾಗೆ. ಕೋಲಾರಕ್ಕೆ ಹೋದೆವು. ಒಂದು ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಟ್ಟರು. ಕೆಲವು ವಾರಗಳಲ್ಲಿ ಕಣ್ಣು ತಾನಾಗಿ ತಿಳಿಯಾಯಿತು. ಕೀರ್ತಿಯೆಲ್ಲ ಕನ್ನಡಕಕ್ಕೆ ಹೋಯಿತು. ಊರಿನ ಇಬ್ಬರು ಅದೇ ಅಂಗಡಿಗೆ ಹೋಗಿ ಅಂಥದ್ದೇ ಕನ್ನಡಕ ತಂದರು.

ಅದಾದ ಮೇಲೆ ಕರೆಂಟು. ಅಕ್ಕಿ ಆರಿಸಲು ಕತ್ತು ಬಗ್ಗಿಸಿದರೆ ಸಾಕು, ಹಿಂಗತ್ತಿನಿಂದ ಬೆನ್ನುಹುರಿಯುದ್ದಕ್ಕೂ ಚುರ್ರೆಂದು ವಿದ್ಯುತ್ತು ಇಳಿದು ಕಾಲಿನ ಹೆಬ್ಬೆರಳಿನಲ್ಲಿ ಹೊರಬೀಳುತ್ತಿತ್ತು. "ಕತ್ತು ಬಗ್ಗಿಸಿದ್ರೆ ಕರೆಂಟ್ ಹೊಡೆಯುತ್ತೆ ರೀ" ಎಂದೆ ಗಂಡನಿಗೆ. ಅವರು ಒಳ್ಳೆಯ ಮನುಷ್ಯರು, ಹೇಳಿದ್ದನ್ನು ಹೇಳಿದ ಹಾಗೇ ನಂಬುವವರು. ಮರುದಿನ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನನ್ನು ಕರೆತಂದರು. ಅವನು ಗ್ರೈಂಡರಿಗೆ, ಸ್ವಿಚ್ಚಿಗೆ, ನೀರಿನ ಪೈಪಿಗೆ, ಕೊನೆಗೆ ನಾನು ಅಕ್ಕಿ ಆರಿಸುವ ಮೊರಕ್ಕೂ ಟೆಸ್ಟರ್ ಇಟ್ಟು ನೋಡಿದ.

"ಅಕ್ಕಾ, ನಿಮ್ ಮನೇಲಿ ಅರ್ಥಿಂಗ್ ಫಸ್ಟ್ ಕ್ಲಾಸಾಗಿದೆ. ಏನೂ ಪ್ರಾಬ್ಲಮ್ ಇಲ್ಲ" ಎಂದ.

ನನ್ನ ಬದುಕಿನ ಮೊದಲ 'ನಾರ್ಮಲ್' ರಿಪೋರ್ಟು ಅದೇ.

ಆಮೇಲೆ ಬಂದ ರಿಪೋರ್ಟುಗಳೆಲ್ಲ ಹಾಗೆಯೇ. ಎದೆಯ ಸುತ್ತ ಯಾರೋ ಹಗ್ಗ ಬಿಗಿದ ಹಾಗಾಗುತ್ತದೆ ಎಂದರೆ ಗ್ಯಾಸಿನ ಮಾತ್ರೆ ಕೊಟ್ಟರು. ಕೈ ಜೋಮು ಹಿಡಿಯುತ್ತದೆ ಎಂದರೆ ವಿಟಮಿನ್ ಇಂಜೆಕ್ಷನ್. ಸುಸ್ತು ಎಂದರೆ ರಕ್ತ ಪರೀಕ್ಷೆ, ರಕ್ತ ಚೆನ್ನಾಗಿದ್ದರೆ ಟಾನಿಕ್. ಒಂದು ದಿನ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಎಡಗಾಲಿನ ಚಪ್ಪಲಿ ಕಳಚಿಕೊಂಡದ್ದು ನನಗೆ ಗೊತ್ತೇ ಆಗಲಿಲ್ಲ. ಹಾಗೇ ನಡೆದು ಡಾಕ್ಟರ ಮುಂದೆ ಹೋಗಿ ಕೂತೆ.

"ಇನ್ನೊಂದು ಚಪ್ಪಲಿ ಎಲ್ಲಮ್ಮಾ?" ಎಂದರು ಅವರು.

"ಅದಕ್ಕೇ ಬಂದಿರೋದು ಸಾರ್" ಎಂದೆ.

ಅವರು ನಕ್ಕರು. ಬರೆದದ್ದು ಮಾತ್ರ ಟೆನ್ಷನ್ನಿನ ಮಾತ್ರೆ. ತವರಿಗೆ ಹೋದಾಗ ಮಾಲೂರಿನ ಇನ್ನೊಬ್ಬರು ಕತ್ತಿಗೆ ಪಟ್ಟಿ ಹಾಕಿಸಿದರು. ಆ ಪಟ್ಟಿ ಹಾಕಿಕೊಂಡರೆ ಕತ್ತು ಬಗ್ಗುತ್ತಿರಲಿಲ್ಲ, ಆದ್ದರಿಂದ ಕರೆಂಟು ಹೊಡೆಯುತ್ತಿರಲಿಲ್ಲ, ಆದ್ದರಿಂದ ವಾಸಿಯಾಯಿತು ಎಂದು ಎಲ್ಲರೂ ಒಪ್ಪಿಕೊಂಡರು. ನಾನು ಮಾತ್ರ ಊಟ ಮಾಡುವಾಗ ತಟ್ಟೆ ಕಾಣದೆ ಮುದ್ದೆಯನ್ನು ಅಂದಾಜಿನ ಮೇಲೆ ಮುರಿಯುತ್ತಿದ್ದೆ.

ಈ ಕಾಯಿಲೆಗೆ ಒಂದು ಕೆಟ್ಟ ಬುದ್ಧಿ ಇತ್ತು. ನಮ್ಮ ಮನೆಯ ಹಳೇ ಮೊಪೆಡ್ಡಿನ ಬುದ್ಧಿ. ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ತಳ್ಳಿಕೊಂಡು ಮೆಕ್ಯಾನಿಕ್ಕಿನ ಹತ್ತಿರ ಹೋದರೆ ಒಂದೇ ಒದೆತಕ್ಕೆ ಸ್ಟಾರ್ಟ್ ಆಗಿ ಮಾನ ಕಳೆಯುತ್ತಿತ್ತು. ನನ್ನ ಕಾಲೂ ಹಾಗೇ. ಮನೆಯಲ್ಲಿ ಎಳೆದುಕೊಂಡು ನಡೆಯುತ್ತಿದ್ದೆ. ಡಾಕ್ಟರರ ಅಪಾಯಿಂಟ್‌ಮೆಂಟ್ ಬರುವ ಹೊತ್ತಿಗೆ ಕಾಲು ಸರಿಯಾಗಿ, ನಾನೇ ಸಂಕೋಚದಿಂದ ಸ್ವಲ್ಪ ಕುಂಟಿ ತೋರಿಸುವ ಹಾಗಾಗುತ್ತಿತ್ತು. ಬಿಸಿಲಿಗೆ ಹೋದರೆ ಮಾತ್ರ ಎಲ್ಲ ತೊಂದರೆಗಳೂ ಒಟ್ಟಿಗೆ ಎದ್ದು ಬರುತ್ತಿದ್ದವು. ಬಿಸಿಲಿನಲ್ಲಿ ಮಾಡುವ ಕೆಲಸ ಯಾವುದು? ಸೊಪ್ಪು ಕೊಯ್ಯುವುದು.

ರತ್ನಕ್ಕ ಸುಮ್ಮನಿರುವ ಹೆಂಗಸಲ್ಲ. ಒಂದು ದಿನ ಸೊಪ್ಪಿನ ಹೊರೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ, ಕಟ್ಟೆಯ ಮೇಲೆ ಮಲಗಿದ್ದ ನನ್ನನ್ನು ನೋಡಿ ಅಂದಳು:

"ವನಜಾ, ನಿನ್ ಕಾಯಿಲೆಗೆ ಕ್ಯಾಲೆಂಡರ್ ಓದೋಕೆ ಬರುತ್ತೆ ಕಣೇ. ಸೊಪ್ಪು ಕೊಯ್ಯೋ ದಿನ ಕರೆಕ್ಟಾಗಿ ಬರುತ್ತೆ. ಬಳೆ ಅಂಗಡಿಗೆ ಹೋಗೋ ದಿನ ರಜಾ ಹಾಕುತ್ತೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಆಮೇಲೆ ಅದು ಮನೆಯ ಮಾತಾಗಿಹೋಯಿತು — ನಾನು ಕುಳಿತರೆ "ಕ್ಯಾಲೆಂಡರ್ ನೋಡ್ರಪ್ಪಾ" ಎನ್ನುತ್ತಿದ್ದರು. ನಕ್ಕವಳೇ ನನ್ನ ಪಾಲಿನ ಸೊಪ್ಪನ್ನೂ ಹೊತ್ತಳು, ನನಗೆ ಮುದ್ದೆಯನ್ನೂ ಬಡಿಸಿದಳು ಎನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಆಗ ಅದು ನನಗೆ ಕಾಣಲಿಲ್ಲ. ನಗು ಮಾತ್ರ ಕೇಳಿಸಿತು.

ಅತ್ತೆ ಮಾತ್ರ ನಗಲಿಲ್ಲ. ಅತ್ತೆ ಗಡಿಯ ಕಡೆಯವರು, ಮನಸ್ಸಿಗೆ ಹತ್ತಿರದ ಮಾತು ಬಂದರೆ ತೆಲುಗಿಗೆ ಹೊರಳುತ್ತಾರೆ. "ಇದಿ ರೋಗಂ ಕಾದು" ಎಂದರು. ಇದು ರೋಗವಲ್ಲ, ಯಾರೋ ಏನೋ ಮಾಡಿಸಿದ್ದಾರೆ. ಮುಳಬಾಗಿಲಿನಿಂದ ಆಚೆ, ಗಡಿ ದಾಟಿದ ಮೇಲಿನ ಒಂದು ಹಳ್ಳಿಯಲ್ಲಿ ಮಾಟ ತೆಗೆಯುವ ಸ್ವಾಮಿಯೊಬ್ಬನಿದ್ದ. ಅವನಿಗೆ ಫೋನ್ ಹೋಯಿತು. ಅಮಾವಾಸ್ಯೆಯ ಬೆಳಿಗ್ಗೆ ಬರುತ್ತೇನೆ, ಇದ್ದರೆ ಅಗೆದು ಕೈಗೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹೇಳುತ್ತೇನೆ ಎಂದನಂತೆ.

ನನ್ನ ಗಂಡ ಮಂಚದ ಮೇಲೆ ಕೂತು ನಿಟ್ಟುಸಿರು ಬಿಟ್ಟರು. "ಇದೊಂದು ಆಗೋಗ್ಲಿ ವನಜಾ. ಇದ್ರಲ್ಲೂ ಏನೂ ಇಲ್ಲ ಅಂದ್ರೆ ಇನ್ನ ಎದ್ದು ಕೆಲಸ ನೋಡ್ಕೋ."

ಆ ಮಾತು ನನ್ನೊಳಗೆ ಕಲ್ಲಿನ ಹಾಗೆ ಬಿತ್ತು. ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್, ಅರ್ಥಿಂಗ್ ನಾರ್ಮಲ್. ಇನ್ನು ಮಾಟದ ರಿಪೋರ್ಟೂ ನಾರ್ಮಲ್ ಬಂದರೆ — ನಾನು ಎಲ್ಲಿಗೆ ಹೋಗಲಿ? ನನಗೆ ಮಾಟದಲ್ಲಿ ನಂಬಿಕೆ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಎಳ್ಳಷ್ಟೂ ಇರಲಿಲ್ಲ. ಆದರೆ ಯಾವುದೋ ಒಂದು ಪರೀಕ್ಷೆಯಲ್ಲಿ ನಾನು ಪಾಸಾಗಬೇಕಿತ್ತು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ಗಂಡಸರು ರೇಷ್ಮೆಗೂಡು ಮಾರಲು ಹೋಗಿದ್ದರು. ಅತ್ತೆ ನಿದ್ದೆ ಮಾಡುತ್ತಿದ್ದರು. ರತ್ನಕ್ಕ ತೋಟದಲ್ಲಿದ್ದಳು. ಹುಳದ ಮನೆಯ ಬಾಗಿಲಿಗೆ ದೃಷ್ಟಿಗೆಂದು ಕಟ್ಟಲು ತಂದಿದ್ದ ನಿಂಬೆಹಣ್ಣುಗಳಲ್ಲಿ ಒಂದನ್ನು ತೆಗೆದುಕೊಂಡೆ. ಮಾಟ ಹೇಗೆ ಮಾಡುತ್ತಾರೆ ಎನ್ನುವುದು ನನಗೆ ಟಿ.ವಿ. ಧಾರಾವಾಹಿಗಳಲ್ಲಿ ನೋಡಿದ್ದಷ್ಟೇ ಗೊತ್ತು. ಜೋಮು ಹಿಡಿದ ಬೆರಳಿನಲ್ಲಿ ಗುಂಡುಸೂಜಿ ಚುಚ್ಚುವಾಗ ಅರ್ಧ ನನ್ನ ಬೆರಳಿಗೇ ಚುಚ್ಚಿಕೊಂಡವು. ಗೊತ್ತಾಗಲಿಲ್ಲ, ರಕ್ತ ನೋಡಿ ತಿಳಿಯಿತು. ಹೂಳಲು ದಾಸವಾಳದ ಬುಡಕ್ಕೆ ಹೋದೆ. ನೆಲ ಕಲ್ಲಿನ ಹಾಗಿತ್ತು. ಸೌಟಿನ ಹಿಡಿಯಿಂದ ಕೆರೆದೆ, ಕೈ ಸೋತಿತು. ನುಗ್ಗೆಯ ಬುಡವೂ ಅಷ್ಟೇ. ಇಡೀ ಹಿತ್ತಲಿನಲ್ಲಿ ಮಣ್ಣು ಮೆತ್ತಗಿದ್ದದ್ದು ಕರಿಬೇವಿನ ಬುಡದಲ್ಲಿ ಮಾತ್ರ, ಯಾಕೆಂದರೆ ಆ ಗಿಡ ನೆಟ್ಟು ದಿನವೂ ನೀರು ಹುಯ್ಯುತ್ತಿದ್ದವಳು ರತ್ನಕ್ಕ. ಅಲ್ಲಿ ಹೂತೆ.

ಬಲವಿಲ್ಲದ ಕೈಗೆ ಮೆತ್ತಗಿನ ಮಣ್ಣು ಬೇಕಿತ್ತು, ಅಷ್ಟೇ — ಎಂದು ನಾನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಷ್ಟೇನಾ? ಅಗೆಯುವಾಗ "ಕ್ಯಾಲೆಂಡರ್" ಎನ್ನುವ ಮಾತು ಕಿವಿಯಲ್ಲಿ ಇರಲಿಲ್ಲವೇ? ಇದ್ದಿರಬಹುದು. ಗೊತ್ತಿಲ್ಲ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಇತ್ತು.

ಸ್ವಾಮಿ ಬಂದ. ಜುಬ್ಬಾ, ಮೂರು ಸುತ್ತು ರುದ್ರಾಕ್ಷಿ, ಬೆವರಿನ ಜೊತೆ ಇಳಿಯುವ ವಿಭೂತಿ. ಹಿತ್ತಲಿಗೆ ಹೋಗಿ ಕಣ್ಣು ಮುಚ್ಚಿ ಗಾಳಿ ಮೂಸಿದ. "ಇಂಟ್ಲೋನೇ ಉಂದಿ" — ಮನೆಯೊಳಗೇ ಇದೆ — ಎಂದ. ಬಲಗೈ ಮುಷ್ಟಿ ಬಿಗಿಹಿಡಿದು ದಾಸವಾಳದ ಕಡೆ ಹೊರಟ. ಮುಷ್ಟಿ ಯಾಕೆ ಬಿಗಿದಿದೆ ಎಂದು ನನಗೆ ಥಟ್ಟನೆ ಹೊಳೆಯಿತು: ಅವನು ತನ್ನ ನಿಂಬೆಹಣ್ಣನ್ನು ತಾನೇ ತಂದಿದ್ದ!

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು. ಅವನ ಹಣ್ಣು ಅವನು ದಾಸವಾಳದ ಬುಡದಿಂದ ತೆಗೆಯುತ್ತಿದ್ದ, ದಾಸವಾಳ ಯಾರದ್ದೂ ಅಲ್ಲ, ಮಾಟ ಯಾವುದೋ ಹೆಸರಿಲ್ಲದ ಶತ್ರುವಿನದಾಗುತ್ತಿತ್ತು. ಆದರೆ ನನಗೆ ಆ ಹೊತ್ತಿನಲ್ಲಿ ಏನಾಯಿತೋ — ಅಷ್ಟು ಕಷ್ಟಪಟ್ಟು ಹೂತಿದ್ದೇನೆ, ಬೆರಳು ಚುಚ್ಚಿಕೊಂಡಿದ್ದೇನೆ, ನನ್ನದು ಸಿಗದೇ ಹೋದರೆ? "ಸ್ವಾಮೀ, ಆ ಕರಿಬೇವಿನ ಕಡೆ ಏನೋ ಎಳೆದಂಗೆ ಆಗ್ತಿದೆ" ಎಂದೆ.

ಅವನು ಅನುಮಾನದಿಂದಲೇ ಬಂದ, ಎಡಗೈಯಲ್ಲೇ ಹಾರೆ ಹಿಡಿದು ಎರಡು ಬಾರಿ ಮಣ್ಣು ಎತ್ತಿದ. ಸೂಜಿ ಚುಚ್ಚಿದ, ಕುಂಕುಮ ಬಳಿದ, ದಾರ ಸುತ್ತಿದ ಹಣ್ಣು ಉರುಳಿ ಅವನ ಪಾದಕ್ಕೆ ಬಂದು ತಗುಲಿತು. ಸ್ವಾಮಿ ಕಿಟ್ಟನೆ ಕಿರುಚಿ ಹಿಂದಕ್ಕೆ ನೆಗೆದ. ಪಾಪ, ಇಷ್ಟು ವರ್ಷದ ಕಸುಬಿನಲ್ಲಿ ತಾನು ಇಡದ ನಿಂಬೆಹಣ್ಣು ಅವನಿಗೆ ಎಂದೂ ಸಿಕ್ಕಿರಲಿಲ್ಲ. ಮುಷ್ಟಿ ಸಡಿಲಿ ಅವನ ಹಣ್ಣೂ ಅಗೆದ ಮಣ್ಣಿನ ಮೇಲೆ ಬಿತ್ತು.

"ರೆಂಡು!" ಎಂದು ಅತ್ತೆ ಎದೆ ಬಡಿದುಕೊಂಡರು. "ಎರಡು ಮಾಟ!"

"ಇದು ನನ್ನ ಕೈಲಿ ಆಗಲ್ಲಮ್ಮಾ, ಇದು ದೊಡ್ಡದು" ಎಂದು ಸ್ವಾಮಿ ತೊದಲಿದ. ಸಂಭಾವನೆಯನ್ನೂ ಕೇಳದೆ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದ. ಸ್ವಾಮಿಯೇ ಓಡಿದ ಮೇಲೆ ಊರು ನಂಬದೇ ಇರುತ್ತದೆಯೇ? ನಾನು ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಎಲ್ಲರೂ ಅಳು ಎಂದುಕೊಂಡರು. ಆಗ ಅತ್ತೆಯ ದನಿ ಕೇಳಿತು:

"ಆ ಬುಡಕ್ಕೆ ದಿನಾ ನೀರು ಹುಯ್ಯೋರು ಯಾರು?"

ಸೆರಗು ತೆಗೆದೆ. ಎಲ್ಲರೂ ರತ್ನಕ್ಕನ ಕಡೆ ತಿರುಗಿದ್ದರು. ಅವಳ ಸೊಂಟದ ಮೇಲೆ ಬಿಂದಿಗೆ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ರತ್ನಕ್ಕ ಬಿಂದಿಗೆ ಇಳಿಸಿ ನೆಟ್ಟಗೆ ನಿಂತಳು.

"ನಂಗೆ ಮಾಟ ಮಾಡೋಕೆ ಬರ್ತಿದ್ರೆ ಅತ್ತೆ, ಹಿಪ್ಪುನೇರಳೆ ಗಿಡ ತಾನೇ ನಡ್ಕೊಂಡ್ ಮನೆಗೆ ಬರೋ ಹಾಗೆ ಮಾಡ್ಕೊತಿದ್ದೆ. ಇವಳ ಕಾಲು ಬೀಳಿಸಿ ನಂಗೇನ್ ಬಂತು? ಇವಳ ಪಾಲಿನ ಸೊಪ್ಪೂ ನಾನೇ ಹೊರಬೇಕು!"

ಎಂಥ ನ್ಯಾಯವಾದ ಮಾತು! ಅವಳು ನನ್ನ ಕಡೆ ನೋಡಿದಳು — "ನೀನಾದ್ರೂ ಹೇಳೇ ವನಜಾ." ಹೇಳುವುದಕ್ಕೆ ಒಂದು ವಾಕ್ಯ ಸಾಕಿತ್ತು. ನನ್ನ ಗಂಡ ಬಂದು ಭುಜ ಹಿಡಿದು, "ಪಾಪ, ಇವಳು ಸುಸ್ತಾಗವಳೆ, ಒಳಗೆ ಮಲಗಿಸ್ತೀನಿ" ಎಂದರು. ಎಷ್ಟು ಕಾಲದ ಮೇಲೆ ಆ ದನಿ! ನಾನು ಒಳಗೆ ಹೋಗಿ ಮಲಗಿದೆ.

ನಾಚಿಕೆಯಿಲ್ಲದೆ ಹೇಳುತ್ತೇನೆ, ಆಮೇಲಿನ ದಿನಗಳು ನನ್ನ ಕಾಯಿಲೆಯ ಬದುಕಿನಲ್ಲೇ ಸುಖದ ದಿನಗಳು. ಗಂಡ ಎಳನೀರು ತಂದರು. ಊರಿನ ಹೆಂಗಸರು ಕಾಲು ಒತ್ತಿದರು. "ಎಷ್ಟು ನೋವು ತಿಂದ್ಯೋ ತಾಯಿ" ಎಂದರು. ಕರೆಂಟಿನ ವಿಷಯ ಹೇಳಿದರೆ ಬಾಯಿ ತೆರೆದು ಕೇಳಿದರು. ನಾನು ಪಾಸಾಗಿದ್ದೆ.

ರತ್ನಕ್ಕ ಫೇಲಾಗಿದ್ದಳು. ಮನೆಯಲ್ಲಿ ಎರಡು ಒಲೆಗಳಾದವು, ನಡುವೆ ಗೋಡೆ ಎದ್ದಿತು. ಅಕ್ಕಪಕ್ಕದವರು ಅವಳನ್ನು ತಮ್ಮ ಹುಳದ ಮನೆಯ ಬಾಗಿಲಿಗೂ ಬಿಡಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯುವವರು ನಮ್ಮ ಬಾಗಿಲಿಗೆ ಬಂದು ಅವಳ ಬಾಗಿಲು ದಾಟಿ ಹೋಗುತ್ತಿದ್ದರು. ಮಾಸ್ತಿಯಲ್ಲಿ ಅವಳ ಅಣ್ಣನ ಮಗಳು ಶೋಭಾ ಇದ್ದಾಳೆ. ರತ್ನಕ್ಕನೇ ಎತ್ತಿ ಆಡಿಸಿದ ಹುಡುಗಿ. ಆ ಶೋಭಾಳ ಮಗುವಿನ ನಾಮಕರಣಕ್ಕೆ ನಾವೆಲ್ಲ ಹೋಗಿದ್ದೆವು. ರತ್ನಕ್ಕ ತೊಟ್ಟಿಲಿನ ಹತ್ತಿರ ಹೋಗುತ್ತಿದ್ದಂತೆ ಶೋಭಾಳ ಅತ್ತೆ ಮಗುವನ್ನು ಎತ್ತಿಕೊಂಡು ಸೆರಗು ಮುಚ್ಚಿದರು. "ಮಗು ಈಗ ಮಲಗ್ತಾ ಇದೆ" ಎಂದರು. ಮಗು ಕಣ್ಣು ಅಗಲಿಸಿ ಕಾಲು ಝಾಡಿಸುತ್ತಿತ್ತು. ರತ್ನಕ್ಕ ತಂದಿದ್ದ ಬೆಳ್ಳಿ ಕಡಗವನ್ನು ಎಲೆ ಅಡಿಕೆಯ ತಟ್ಟೆಯಲ್ಲಿಟ್ಟು ಹಿಂದಕ್ಕೆ ಬಂದಳು. ಬಸ್ಸಿನಲ್ಲಿ ಮಾಲೂರು ಬರುವ ತನಕ ಕಿಟಕಿಯ ಕಡೆಗೇ ನೋಡುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ.

ಅಷ್ಟರಲ್ಲಿ ನನ್ನ ಕಾಲುಗಳು ಎರಡೂ ಬಿದ್ದುಹೋದವು. ಒಂದು ಬೆಳಿಗ್ಗೆ ಎದ್ದು ನಿಲ್ಲಲು ಹೋದರೆ ನೆಲ ಸಿಗಲಿಲ್ಲ. ಎರಡನೇ ಮಾಟ ಈಗ ಕಚ್ಚಿತು ಎಂದರು ಅತ್ತೆ. ಇನ್ನೊಬ್ಬ ಸ್ವಾಮಿಗೆ ಫೋನ್ ಮಾಡಲು ಹೊರಟರು. ಆಗ ಗೋಡೆಯಾಚೆಯಿಂದ ರತ್ನಕ್ಕ ಬಂದಳು. ಎಷ್ಟೋ ತಿಂಗಳ ಮೇಲೆ ನಮ್ಮ ಹೊಸ್ತಿಲು ದಾಟಿದ್ದಳು. ಮುಖ ಕೆಂಡವಾಗಿತ್ತು.

"ಏಳೇ. ಬೆಂಗಳೂರಿಗೆ ಹೋಗೋಣ. ನರದ ಡಾಕ್ಟ್ರು ಇದ್ದಾರಂತೆ, ತಲೆ ಒಳಗಿನ ಫೋಟೋ ತೆಗೀತಾರಂತೆ. ನಿನ್ ಮೇಲಿನ ಪ್ರೀತಿಗೆ ಕರ್ಕೊಂಡ್ ಹೋಗ್ತಾ ಇಲ್ಲ. ನನ್ ಹೆಸರು ಈ ಕೊಚ್ಚೇಲಿ ಎಷ್ಟು ದಿನ ಬಿದ್ದಿರ್ಬೇಕು? ಮಾಟವೋ ರೋಗವೋ ಫೋಟೋದಲ್ಲಿ ಬೀಳ್ಲಿ!"

ಹೀಗೆ, ಇಷ್ಟು ವರ್ಷ ಯಾರ ಪ್ರೀತಿಯಿಂದಲೂ ಆಗದ ಕೆಲಸ ರತ್ನಕ್ಕನ ಸಿಟ್ಟಿನಿಂದ ಆಯಿತು. ಬಾವ ಕಾರು ಮಾಡಿಸಿದರು. ಆಸ್ಪತ್ರೆಯಲ್ಲಿ ಅವಳೇ ನನ್ನ ಗಾಲಿಕುರ್ಚಿ ತಳ್ಳಿದಳು. ಸಾಲಿನಲ್ಲಿ ಯಾರಾದರೂ ನುಗ್ಗಿದರೆ ನನ್ನ ಕುರ್ಚಿಯಿಂದಲೇ ಅವರ ಹಿಮ್ಮಡಿಗೆ ತಿವಿದಳು.

ನರದ ಡಾಕ್ಟರು ವಯಸ್ಸಾದ ಹೆಂಗಸು. ಮೊಣಕಾಲಿಗೆ ಸುತ್ತಿಗೆಯಿಂದ ಬಡಿದರು, ಅಂಗಾಲು ಗೀರಿದರು, ಮೊದಲಿನಿಂದ ಎಲ್ಲ ಹೇಳು ಎಂದರು. ಕಣ್ಣಿನ ವಿಷಯ ಹೇಳುತ್ತಿದ್ದಂತೆ ನಡುವೆ ತಡೆದು ಕೇಳಿದರು: "ಕತ್ತು ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟ್ ಹೊಡೆದಂತೆ ಆಗುತ್ತಾ?"

ನಾನು ಹೇಳುವ ಮೊದಲೇ ಕೇಳಿದರು. ಲೋಕದಲ್ಲಿ ನನ್ನೊಬ್ಬಳ ಬೆನ್ನಿಗೆ ಮಾತ್ರ ಗೊತ್ತು ಎಂದುಕೊಂಡಿದ್ದ ವಿಷಯ ಆ ಅಪರಿಚಿತ ಹೆಂಗಸಿಗೆ ಗೊತ್ತಿತ್ತು. ನಾನು ಅತ್ತ ಅಳುವನ್ನು ಕೇಳಿ ಹೊರಗಿನ ಸಾಲಿನವರು ಇಣುಕಿದರಂತೆ.

ಸ್ಕ್ಯಾನ್ ಆಯಿತು, ಬೆನ್ನಿನಿಂದ ನೀರು ತೆಗೆದರು. ಕೊನೆಗೆ ಹೆಸರು ಬಂತು: ಮಲ್ಟಿಪಲ್ ಸ್ಕ್ಲೀರೋಸಿಸ್. ನರಗಳ ಮೇಲೆ ವೈರಿನ ಮೇಲಿರುವ ಹಾಗೆ ಒಂದು ಹೊದಿಕೆ ಇರುತ್ತದಂತೆ. ದೇಹವೇ ತಪ್ಪು ತಿಳಿದು ಅದನ್ನು ಅಲ್ಲಲ್ಲಿ ಕಡಿಯುತ್ತದಂತೆ. ಒಮ್ಮೊಮ್ಮೆ ತಾನೇ ಸ್ವಲ್ಪ ಸರಿಪಡಿಸಿಕೊಳ್ಳುತ್ತದಂತೆ, ಅದಕ್ಕೇ ಬಂದು ಹೋಗಿ ಮಾಡುತ್ತದೆ. ಬಿಸಿಲು ತಗುಲಿದರೆ ಜೋರಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು. ಸೊಪ್ಪು ಕೊಯ್ಯುವ ದಿನವೇ ಯಾಕೆ ಬರುತ್ತಿತ್ತು ಎನ್ನುವುದಕ್ಕೆ ಉತ್ತರ ಸಿಕ್ಕಾಗ ರತ್ನಕ್ಕ ನನ್ನ ಮುಖ ನೋಡಿ, ಕೂಡಲೇ ತನ್ನ ಕಾಲಿನ ಕಡೆ ನೋಡಿಕೊಂಡಳು. "ನಾನು ಏನೇನೋ ಅಂದ್ನಲ್ಲೇ" ಎಂದಳು ಮೆಲ್ಲಗೆ. ಕ್ಷಮೆ ಕೇಳಿದ್ದು ಅವಳು! ಆಗಲೂ ನಾನು ಬಾಯಿ ಬಿಡಲಿಲ್ಲ.

ಮರುಕ್ಷಣವೇ ಅವಳು ತನ್ನ ಕೆಲಸಕ್ಕೆ ಬಂದಳು. ಫೋನ್ ತೆಗೆದು ಅತ್ತೆಗೆ ಹಚ್ಚಿ, ಸ್ಪೀಕರ್ ಹಾಕಿ, ಡಾಕ್ಟರ ಮೇಜಿನ ಮೇಲಿಟ್ಟಳು.

"ಡಾಕ್ಟ್ರೇ, ಇದನ್ನ ಹೊರಗಿನೋರು ಯಾರೂ ಮಾಡಿಲ್ಲ ತಾನೇ? ಅದನ್ನ ಸ್ವಲ್ಪ ಜೋರಾಗಿ ಹೇಳ್ಬಿಡಿ. ನಮ್ಮತ್ತೇಗೆ ಕಿವಿ ಮಂದ."

ಡಾಕ್ಟರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಫೋನಿನ ಮೇಲೆ ಬಗ್ಗಿ ಕೂಗಿದರು: "ಅಮ್ಮಾ! ಇದು ಕಾಯಿಲೆ! ಯಾರೂ ಏನೂ ಮಾಡಿಲ್ಲ! ಅವರ ದೇಹವೇ ಮಾಡಿಕೊಂಡಿದ್ದು!"

ಆ ಕಡೆಯಿಂದ ಅತ್ತೆಯ ದನಿ ಬಂತು:

"ಸರಿ ತಾಯಿ. ಹಂಗಾದ್ರೆ ನಿಂಬೆಹಣ್ಣು?"

ಅದಕ್ಕೆ ಉತ್ತರ ಗೊತ್ತಿದ್ದವಳು ನಾನೊಬ್ಬಳು. ನಾನು ನೆಲ ನೋಡುತ್ತಿದ್ದೆ. ರತ್ನಕ್ಕ ಫೋನನ್ನು ಮೆಲ್ಲಗೆ ತೆಗೆದು ಬ್ಯಾಗಿಗೆ ಹಾಕಿಕೊಂಡಳು.

ಔಷಧಿ ಶುರುವಾಯಿತು. ಕಾಲು ಮುಕ್ಕಾಲು ಪಾಲು ಮರಳಿ ಬಂತು; ಈಗ ಒಂದು ಕೋಲು ಹಿಡಿದು ನಡೆಯುತ್ತೇನೆ, ಇಂಜೆಕ್ಷನ್ ನಾನೇ ಚುಚ್ಚಿಕೊಳ್ಳುತ್ತೇನೆ, ಬಿಸಿಲು ಏರುವ ಮೊದಲು ಕೆಲಸ ಮುಗಿಸುತ್ತೇನೆ. ನನ್ನ ಗಂಡ ಊರಿಗೆಲ್ಲ "ಮಲ್ಟಿಪ್ಲೆಕ್ಸ್ ಕಾಯಿಲೆ" ಎಂದು ಹೇಳಿಬಂದರು. ಸಿನಿಮಾ ನೋಡಿ ಬರುವಂಥದ್ದೇನೋ ಎಂದು ಕೆಲವರು ಮಕ್ಕಳನ್ನು ಹೆದರಿಸಿದರು. ಕಾಯಿಲೆ ಕಾಯಿಲೆ ಎಂದು ಎಲ್ಲರೂ ಒಪ್ಪಿದರು. ಆದರೆ ನಿಂಬೆಹಣ್ಣು ನಿಂಬೆಹಣ್ಣೇ. "ಆ ಕಾಯಿಲೆ ಬರ್ಲಿ ಅಂತಲೇ ಅದನ್ನ ಇಟ್ಟಿರೋದು" ಎಂದು ಊರು ಎರಡನ್ನೂ ಸೇರಿಸಿ ಗಂಟು ಹಾಕಿತು. ರತ್ನಕ್ಕ ಬೆಂಗಳೂರಿನ ತನಕ ಹೋಗಿ ಬಂದರೂ ಹೆಸರು ಕೊಚ್ಚೆಯಲ್ಲೇ ಉಳಿಯಿತು.

ಹೇಳೋಣ ಎಂದುಕೊಂಡೆ, ನಾಳೆ ಹೇಳೋಣ ಎಂದುಕೊಂಡೆ. ಗೋಡೆಗೆ ಒಂದು ಕಿಂಡಿ ಒಡೆದರು, ಆ ಕಿಂಡಿಯಲ್ಲಿ ಸಾರು ಹೋಗಿ ಬಂತು. ಎಲ್ಲ ಸರಿಹೋಗುತ್ತಿದೆಯಲ್ಲ, ಈಗ ಯಾಕೆ ಎಂದುಕೊಂಡೆ. ಹಾಗೆಯೇ ವರ್ಷಗಳು ಹೋದವು.

ಈಚೆಗೆ ಶೋಭಾ ಮತ್ತೆ ಬಸುರಿಯಾದಳು. ಸೀಮಂತಕ್ಕೆ ಕರೆ ಬಂತು, ಇಬ್ಬರಿಗೂ. ಹುಳಕ್ಕೆ ಸೊಪ್ಪು ಹಾಕುತ್ತಿದ್ದ ರತ್ನಕ್ಕನಿಗೆ ಹೇಳಿದೆ. ಅವಳು ತಲೆ ಎತ್ತದೆ, "ನೀನ್ ಹೋಗಿ ಬಾ. ಬಸುರಿ ಇರೋ ಮನೆ, ನಾನ್ಯಾಕೆ" ಎಂದಳು.

"ಅದೆಲ್ಲ ಹಳೇ ಮಾತು ಅಕ್ಕಾ" ಎಂದೆ.

ಅವಳ ಕೈ ಸೊಪ್ಪಿನ ಮೇಲೆ ನಿಂತಿತು. "ವನಜಾ, ಒಂದ್ ಮಾತು ಹೇಳ್ಲಾ? ಯಾರಿಗೂ ಹೇಳಿಲ್ಲ. ಒಂದಿನ ಹೊರೆ ಹೊತ್ತು ಸಾಕಾಗಿ, ನಿನ್ನ ನೋಡಿ ಮನಸಲ್ಲೇ ಶಾಪ ಹಾಕಿದ್ದೆ. 'ನಿಜವಾಗ್ಲೂ ಬಿದ್ದೋಗ್ಲಿ ಇವಳ ಕಾಲು' ಅಂತ. ಆಮೇಲೆ ಬಿದ್ದೇ ಹೋಯ್ತಲ್ಲ. ಜನ ಹೇಳೋದೂ ನಿಜವೇನೋ. ನನ್ ಬಾಯಲ್ಲೇ ಏನೋ ಇದೆಯೇನೋ. ಆ ಹಣ್ಣು ಕೂಡ ನಂಗೇ ತಿಳೀದಂಗೆ ನಾನೇ..."

ಊರು ನಂಬಿದ್ದನ್ನು ನಾನು ಸಹಿಸಿದ್ದೆ. ಅವಳೇ ನಂಬಲು ಶುರುಮಾಡಿದ್ದಳು! ಹುಳಗಳು ಸೊಪ್ಪು ತಿನ್ನುವ ಸದ್ದು, ಜಡಿಮಳೆಯ ಸದ್ದಿನಂಥದ್ದು, ಸುತ್ತಲೂ ಕೇಳುತ್ತಿತ್ತು. ನಾನು ಕೋಲನ್ನು ಗೋಡೆಗೊರಗಿಸಿ ಹೇಳಿದೆ. "ಅಕ್ಕಾ, ಆ ನಿಂಬೆಹಣ್ಣು ಇಟ್ಟಿದ್ದು ನಾನು." ಸೂಜಿ, ದಾರ, ಸೌಟು, ಮೆತ್ತಗಿನ ಮಣ್ಣು, ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದರೆ ಬೀಳದಿರಲಿ ಎಂದು ಗೋಡೆಯನ್ನೂ ಹಿಡಿದುಕೊಂಡಿದ್ದೆ.

ಅವಳು ಉಳಿದ ಸೊಪ್ಪನ್ನು ಹಾಕಿ ಮುಗಿಸಿದಳು. ಕೈ ತೊಳೆದಳು. ಆಮೇಲೆ ಅಂದಳು:

"ಕ್ಷಮಿಸೋದು ಗಿಮಿಸೋದು ಆಮೇಲೆ ನೋಡೋಣ. ನನ್ನ ಯಾರ್ಯಾರ ಮುಂದೆ ನಿಲ್ಲಿಸಿದ್ದೀಯೋ, ಅವರ್ಗೆಲ್ಲ ಹೋಗಿ ಹೇಳ್ಕೊಂಡ್ ಬಾ. ನಾನ್ ಜೊತೇಲಿ ಬರಲ್ಲ. ಬಂದ್ರೆ ನಾನೇ ಹೇಳಿಸಿದೆ ಅಂತಾರೆ."

ಹೊರಟೆ. ಸತ್ಯ ಹೇಳುವುದೇ ಕಷ್ಟ ಎಂದುಕೊಂಡಿದ್ದೆ. ನಂಬಿಸುವುದು ಅದಕ್ಕಿಂತ ಕಷ್ಟ ಎಂದು ಗೊತ್ತಿರಲಿಲ್ಲ. ಗಂಡ ಮೊದಲು ಜೋರಾಗಿ ನಕ್ಕರು, ಆಮೇಲೆ ನಕ್ಕದ್ದಕ್ಕೇ ಬೇಜಾರಾಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಬಾವ ಎದ್ದು ತೋಟಕ್ಕೆ ಹೋದರು. ಪಕ್ಕದ ಮನೆಯ ಮುನಿಯಮ್ಮ ನನ್ನ ಹಣೆ ಮುಟ್ಟಿ ನೋಡಿ, "ಅಯ್ಯೋ, ಕಾಯಿಲೆ ತಲೆಗೆ ಹತ್ತಿದೆ" ಎಂದು ಮಜ್ಜಿಗೆ ಕೊಟ್ಟು ಕಳಿಸಿದಳು. ಇನ್ನೊಬ್ಬಳು, "ಎಷ್ಟು ಒಳ್ಳೇಳಮ್ಮ ನೀನು, ಅವಳ ತಪ್ಪನ್ನ ನಿನ್ ಮೇಲೆ ಹಾಕ್ಕೊಂತೀಯ" ಎಂದು ಕೈ ಮುಗಿದಳು. ಕಾಯಿಲೆ ಇದ್ದಾಗ ನಾಟಕ ಎಂದವರು, ನಾಟಕ ಮಾಡಿದಾಗ ನಂಬಿದವರು, ಈಗ ನಿಜ ಹೇಳಿದರೆ ಕಾಯಿಲೆ ಎನ್ನುತ್ತಿದ್ದಾರೆ. ನಾನು ಯಾರನ್ನು ದೂರಲಿ?

ಮಾಸ್ತಿಗೆ ಒಬ್ಬಳೇ ಹೋದೆ, ಕೋಲೂರಿಕೊಂಡು, ಬೆಳಗಿನ ಬಸ್ಸಿಗೆ. ಸೀಮಂತದ ಹೆಂಗಸರೆಲ್ಲ ಸೇರಿದ್ದಾಗ ಎದ್ದು ನಿಂತು ಹೇಳಿದೆ. ಶೋಭಾಳ ಅತ್ತೆ ಬಳೆಯ ತಟ್ಟೆ ಹಿಡಿದವರು ಹಿಡಿದ ಹಾಗೇ ನಿಂತರು. ಶೋಭಾ ಒಬ್ಬಳು ನಂಬಿದಳು. ನಂಬಿದ ಗುರುತು ಏನೆಂದರೆ ಅವಳು ನನಗೆ ಊಟಕ್ಕೆ ಏಳಿ ಎಂದು ಹೇಳಲಿಲ್ಲ. ಹಸಿದುಕೊಂಡೇ ವಾಪಸು ಬಂದೆ. ನನಗೆ ಅದು ಸಲ್ಲಬೇಕಾದ್ದೇ.

ಮಗು ಹುಟ್ಟಿದ ಮೇಲೆ ಶೋಭಾ ತಾನೇ ಬಂದು ರತ್ನಕ್ಕನನ್ನು ಕರೆದುಕೊಂಡು ಹೋದಳು. ನಾಮಕರಣದ ದಿನ ಎಲ್ಲರ ಎದುರಿಗೆ ಮಗುವನ್ನು ಅವಳ ಕಡೆ ಚಾಚಿದಳು. ರತ್ನಕ್ಕನ ಕೈಗಳು ಅರ್ಧಕ್ಕೆ ಬಂದು ನಿಂತವು. ಸುತ್ತಲೂ ಒಮ್ಮೆ ನೋಡಿದಳು, ಯಾರಾದರೂ ಬೇಡ ಎನ್ನುತ್ತಾರೇನೋ ಎಂದು. ಆಮೇಲೆ ಎತ್ತಿಕೊಂಡಳು. ನಕ್ಕಳು ಕೂಡ. ಆದರೆ ಆ ನಿಂತ ಕೈಗಳನ್ನು ನಾನು ನೋಡಿದೆ. ಈಗಲೂ ಯಾವ ಮಗುವನ್ನು ಕಂಡರೂ ಅವು ಹಾಗೇ ಒಂದು ಗಳಿಗೆ ನಿಲ್ಲುತ್ತವೆ. ನನ್ನ ಕಾಯಿಲೆಗೆ ಹೆಸರಿದೆ, ಔಷಧಿಯಿದೆ. ಅದಕ್ಕೆ ಇಲ್ಲ. ಅದನ್ನು ಹಚ್ಚಿದವಳು ನಾನು.

ರತ್ನಕ್ಕ ನನ್ನನ್ನು ಕ್ಷಮಿಸಿಲ್ಲ. ಕಿಂಡಿಯಲ್ಲಿ ಸಾರು ಬರುತ್ತದೆ, ಮಾತು ಕಡಿಮೆ. ಕ್ಷಮಿಸು ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಇನ್ನು ಉಳಿದಿರುವವರು ಅತ್ತೆ. ಎಷ್ಟು ಸಲ ಹೇಳಿದರೂ, "ರತ್ನಿ ನಿಂಗೆ ವಶೀಕರಣ ಮಾಡವಳೆ, ಅದಕ್ಕೇ ಹಿಂಗೆ ಮಾತಾಡ್ತೀಯ" ಎಂದು ನನಗೇ ದೃಷ್ಟಿ ತೆಗೆಯುತ್ತಾರೆ. ನಿನ್ನೆಯೂ ಹೇಳಿದೆ, ನಿನ್ನೆಯೂ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಮನೆಯೆಲ್ಲ ಘಾಟು, ಇಬ್ಬರೂ ಕೆಮ್ಮಿದೆವು. ಅವರಿಗೆ ವಯಸ್ಸಾಗಿದೆ. ನಂಬದೆ ಹೋಗಿಬಿಟ್ಟರೆ ರತ್ನಕ್ಕನ ಮೇಲಿನ ಅಷ್ಟು ಕೊಚ್ಚೆ ಹಾಗೇ ಉಳಿಯುತ್ತದೆ.

ಸಂಜೆ ಕಾಫಿ ಕೊಡುವಾಗ ಮತ್ತೆ ಹೇಳುತ್ತೇನೆ. ಸ್ವಲ್ಪ ಜೋರಾಗಿ.